ಮೊದಲ ರೋಗಿ ಯಾರಾಗಬೇಕು

ನಾನು ಗೌಂಡಿ. ಹೆಸರು ಫಕೀರಪ್ಪ. ಮೂವತ್ತೆಂಟು ವರ್ಷ ಕರಣಿ ಹಿಡಿದ ಕೈ ಇದು, ಬೇಕಿದ್ದರೆ ಮುಟ್ಟಿ ನೋಡಿ. ನಮ್ಮೂರಲ್ಲಿ ಮನೆ ಕಟ್ಟುವವರು ನಾವು. ಆದರೆ ಊರಿಗೆಲ್ಲ ಸೇರಿದ ಕಟ್ಟಡವನ್ನು ಮಾತ್ರ ಯಾರೂ ಕಟ್ಟುವುದಿಲ್ಲ, ಅದು ತಾನೇ ಏಳುತ್ತದೆ. ಅಡಿಗಲ್ಲು ಹಾಕಿ, ಆ ಕಟ್ಟಡದಲ್ಲಿ ಮುಂದೆ ನಡೆಯಬೇಕಾದ ಕೆಲಸವನ್ನು ಬಯಲಲ್ಲೇ ಶುರು ಮಾಡಬೇಕು, ಅಷ್ಟೇ. ಕೆಲಸ ನಡೆದಷ್ಟು ಗೋಡೆ ಏಳುತ್ತದೆ. ಕೆಲಸ ನಿಂತರೆ ಗೋಡೆಯೂ ನಿಲ್ಲುತ್ತದೆ. ನಾನು ಚಿಕ್ಕವನಿದ್ದಾಗ ಅಂಚೆ ಕಚೇರಿ ಎದ್ದದ್ದೂ ಹಾಗೇ. ಪೋಸ್ಟ್ ಮಾಸ್ತರರು ಜಾಲಿಮರದ ಕೆಳಗೆ ಕೂತು ಪತ್ರಗಳಿಗೆ ಠಸ್ಸೆ ಒತ್ತುತ್ತಿದ್ದರು, ಅವರ ಬೆನ್ನ ಹಿಂದೆ ಗೋಡೆ ಏರುತ್ತಿತ್ತು. ಪರವೂರಿನವರು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅದು ಮಾಮೂಲು.

ಹಾಗಾದರೆ ಅಲ್ಲಿ ಗೌಂಡಿಗೇನು ಕೆಲಸ ಎಂದು ಕೇಳಬಹುದು. ಇದೆ ಮಹಾರಾಯರೇ, ಇದೆ. ಗೋಡೆ ಏನೋ ಏಳುತ್ತದೆ, ಆದರೆ ಅದಕ್ಕೆ ಬಾಗಿಲಿನ ಬುದ್ಧಿ ಇಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಚೌಕಟ್ಟು ನಿಲ್ಲಿಸಿ ಹಿಡಿದುಕೊಂಡಿರಬೇಕು. ಆಗ ಗೋಡೆ ಅದನ್ನು ಬಳಸಿಕೊಂಡು ಮೇಲೇರುತ್ತದೆ. ಹಿಡಿಯದಿದ್ದರೆ ಮುಚ್ಚಿಕೊಂಡುಬಿಡುತ್ತದೆ. ಕನ್ನಡ ಶಾಲೆ ಎದ್ದಾಗ ನಾನು ಚಹಾ ಕುಡಿಯಲು ಹೋಗಿದ್ದೆ, ಹೆಚ್ಚೆಂದರೆ ಕಾಲು ಗಂಟೆ. ಬಂದು ನೋಡಿದರೆ ನಾಲ್ಕನೇ ಇಯತ್ತೆಯ ಹುಡುಗರು ನಾಲ್ಕೂ ಕಡೆ ಗೋಡೆಯ ನಡುವೆ ಮಗ್ಗಿ ಹೇಳುತ್ತಿದ್ದಾರೆ! ನಿಲ್ಲಿಸ್ರೋ ಎಂದರೆ ಕೇಳಿಸಬೇಕಲ್ಲ. ಹದಿನಾರರ ಮಗ್ಗಿ ಮುಗಿಯುವಷ್ಟರಲ್ಲಿ ಗೋಡೆ ಎರಡಾಳೆತ್ತರ ಆಗಿತ್ತು. ಏಣಿ ಇಳಿಬಿಟ್ಟು ಒಬ್ಬೊಬ್ಬರನ್ನೇ ಎತ್ತಿಕೊಂಡೆವು. ಆ ಕೋಣೆಯನ್ನು ಈಗಲೂ ಊರವರು ಫಕೀರಪ್ಪನ ಚಹಾ ಎಂದೇ ಕರೆಯುತ್ತಾರೆ. ಕರೆಯಲಿ, ನನಗೇನು.

ಹೋದ ವರ್ಷ ಸರಕಾರದವರು ಬಂದು ಒಂದೇ ದಿನ ಮೂರು ಅಡಿಗಲ್ಲು ಹಾಕಿದರು. ಒಂದು ಕಾಲೇಜು, ಒಂದು ನೂಲಿನ ಗಿರಣಿ, ಒಂದು ನೂರು ಹಾಸಿಗೆಯ ಆಸ್ಪತ್ರೆ. ರಾಜ್ಯದ ಮೂಲೆ ಮೂಲೆಯನ್ನೂ ಮುಂದೆ ತರುತ್ತೇವೆ ಎಂದು ಮಂತ್ರಿಗಳು ಭಾಷಣ ಮಾಡಿದರು, ನಾವು ಚಪ್ಪಾಳೆ ಹೊಡೆದೆವು, ಮೂರೂ ಕಲ್ಲಿಗೆ ಅರಿಶಿನ ಕುಂಕುಮ ಏರಿತು. ಮರುದಿನವೇ ಹಳ್ಯಾಳ ಮಾಸ್ತರರು ಕಾಲೇಜಿನ ಕಲ್ಲಿನ ಪಕ್ಕ ನಿಂತು ಹಾಜರಿ ಕೂಗಿದರು. ಸಂಜೆಯ ಹೊತ್ತಿಗೆ ಗೋಡೆ ಮೊಣಕಾಲುದ್ದ. ಒಂದು ವಾರದ ನಂತರ ಒಂದು ಹುಡುಗಿ ಎದ್ದು ನಿಂತು ನಕ್ಷತ್ರಗಳ ಬಗ್ಗೆ ಏನೋ ಕೇಳಿದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿ, "ನನಗೂ ಗೊತ್ತಿಲ್ಲವಾ, ಪುಸ್ತಕ ನೋಡಿ ಹೇಳ್ತೀನಿ" ಎಂದರು. ಅಷ್ಟು ಹೇಳಿದ್ದೇ ತಡ, ಅವರ ಬಲಗಡೆಯ ನೆಲ ಬಿರಿದು ಗ್ರಂಥಾಲಯದ ಪಾಯ ಕಾಣಿಸಿತು. ನಾನು ಚೌಕಟ್ಟು ಹೊತ್ತುಕೊಂಡು ಓಡಿದೆ. ಎಷ್ಟು ಕಟ್ಟಡ ಏಳುವುದನ್ನು ನೋಡಿದ್ದೇನೋ, ಆ ದಿನ ಮಾತ್ರ ನನ್ನ ಮೈ ಜುಮ್ಮೆಂದಿತು.

ಗಿರಣಿಯ ಕಥೆಯೂ ಹಾಗೇ. ಹೆಂಗಸರು ಬಿಸಿಲಲ್ಲೇ ನೂಲು ತೆಗೆಯಲು ಕೂತರು. ಇನ್ನೂರು ಕೈಗಳು ಒಟ್ಟಿಗೆ ಆಡಿದಾಗ ಮಾಡು ಹೇಗೆ ಏರಿತು ಅಂತೀರಿ! ಮುಗಿಲು ನೋಡಿಕೊಂಡೇ ನಿಂತಿದ್ದೆ, ಚೌಕಟ್ಟು ಹಿಡಿಯುವುದೇ ಮರೆತಿತ್ತು, ಹೆಂಗಸರು ಬೈದು ಎಚ್ಚರಿಸಿದರು. ನನ್ನ ಅಳಿಯ ಮಹಾದೇವನಿಗೂ ಅಲ್ಲೇ ಕೆಲಸ ಸಿಕ್ಕಿತು, ನನ್ನ ಒಬ್ಬಳೇ ಮಗಳು ರೇಣವ್ವ ಗಂಡನ ಜೊತೆ ಊರಿಗೇ ವಾಪಸು ಬಂದಳು. ನನ್ನ ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ಮತ್ತೆ ಬಳೆಯ ಸದ್ದು ಕೇಳಿ ನನಗಾದ ಸಂತೋಷ ಹೇಳತೀರದು.

ಉಳಿದದ್ದು ಆಸ್ಪತ್ರೆ. ಅದರ ಕಲ್ಲು ಇಟ್ಟಲ್ಲೇ ಇತ್ತು. ನರ್ಸು ಎಸ್ತರಬಾಯಿ ಕಲ್ಲಿನ ಪಕ್ಕ ಮೇಜು ಕುರ್ಚಿ ಹಾಕಿಕೊಂಡು, ಮೇಲೆ ಒಂದು ತಾಡಪತ್ರಿ ಕಟ್ಟಿಸಿಕೊಂಡು, ಹೊಸ ರಿಜಿಸ್ಟರು ತೆರೆದು ಕೂತಳು. ಮೈಸೂರು ಕಡೆಯಿಂದ ಬಂದ ಡಾಕ್ಟರ್ ವಸುಧಾ, ಇನ್ನೂ ಮೂವತ್ತು ದಾಟಿರದ ಹೆಣ್ಣುಮಗಳು, ಕೊರಳಲ್ಲಿ ಸ್ಟೆತಸ್ಕೋಪು ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಕಾದರು. ಯಂತ್ರಗಳು ಪೆಟ್ಟಿಗೆಯಲ್ಲೇ ಇದ್ದವು. ಜನ ಬರುತ್ತಿದ್ದರು, ಇಲ್ಲವೆನ್ನಲಾರೆ. ಬಂದು, ನಮಸ್ಕಾರ ಮಾಡಿ, ಊರು ಯಾವುದು, ಮದುವೆ ಆಗಿದೆಯೇ ಎಂದೆಲ್ಲ ಕೇಳಿ, "ನಮಗೇನಾಗೇತ್ರಿ, ಗಟ್ಟಿಮುಟ್ಟ ಅದೀವಿ" ಎಂದು ಹೋಗುತ್ತಿದ್ದರು. ಎರಡು ತಿಂಗಳು ಕಳೆದರೂ ಒಂದು ಇಟ್ಟಿಗೆ ಏಳಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ ಅಷ್ಟೇ. ಬೋಣಿ! ನಮ್ಮೂರಲ್ಲಿ ಬೋಣಿ ಎಂದರೆ ಹುಡುಗಾಟವಲ್ಲ. ಅಂಗಡಿಗೆ ಬೋಣಿ ಮಾಡಿದವನ ಕೈಗುಣದಿಂದ ಇಡೀ ದಿನದ ವ್ಯಾಪಾರ ಬೆಳೆಯುತ್ತದೆ ಎಂದು ನಂಬಿದವರು ನಾವು. ಈಗ ನೂರು ಹಾಸಿಗೆಯ ಆಸ್ಪತ್ರೆಗೆ ರೋಗದ ಬೋಣಿ ಮಾಡಿದವನ ಗತಿ ಏನು? ಒಂದಿದ್ದ ರೋಗ ನೂರಾಗದೇ ಇದ್ದೀತೇ? ಹೀಗೆ ಲೆಕ್ಕ ಹಾಕಿ ಹಾಕಿ ಊರಿಗೆ ಊರೇ ಆರೋಗ್ಯವಂತವಾಗಿಬಿಟ್ಟಿತು. ಕೆಮ್ಮು ಬಂದವರು ಹೊಲಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದರು.

ಕೊನೆಗೆ ಪಂಚಾಯತಿಯವರು ಪೈಲ್ವಾನ ಮುದಕಪ್ಪನನ್ನು ಒಪ್ಪಿಸಿದರು. ಅವನ ಮೈಗೆ ಯಾವ ರೋಗವೂ ಹತ್ತುವುದಿಲ್ಲ, ಹೊಟ್ಟೆನೋವು ಎಂದು ನಾಟಕ ಮಾಡಿದರೆ ಬೋಣಿಯೂ ಆಯಿತು, ಹಾನಿಯೂ ಇಲ್ಲ ಎಂಬುದು ಅವರ ಜಾಣತನ. ಮುದಕಪ್ಪ ಬಂದು ನೆಲಕ್ಕೆ ಬಿದ್ದು ಹೊರಳಾಡಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಕಲ್ಲಿನ ಪಕ್ಕದಲ್ಲಿ ಗೋಡೆಯೂ ಎದ್ದಿತು! ಎದ್ದಿತು, ಹಪ್ಪಳದಷ್ಟು ತೆಳ್ಳಗೆ. ನಾನು ಚೌಕಟ್ಟು ತರುವ ಮೊದಲೇ ಒಂದು ಆಡು ಬಂದು ಮೈ ತಿಕ್ಕಿತು, ಗೋಡೆ ಬಿತ್ತು. ಎಸ್ತರಬಾಯಿ ರಿಜಿಸ್ಟರಿನಲ್ಲಿ ಬರೆದ ಹೆಸರಿಗೆ ಗೀಟು ಎಳೆದಳು. "ಸುಳ್ಳು ಬ್ಯಾನಿಗೆ ಖರೇ ಗ್ವಾಡಿ ಹ್ಯಾಂಗ ಬರ್ತೈತಿ?" ಎಂದಳು. ಎಲ್ಲರೂ ನಕ್ಕೆವು. ನಾನು ನಗಬಾರದಿತ್ತು.

ಏಕೆಂದರೆ ಆಗ ರೇಣವ್ವನಿಗೆ ಏಳನೇ ತಿಂಗಳು ನಡೆದಿತ್ತು. ಇದು ಎರಡನೆಯದು. ಮೊದಲನೆಯದಕ್ಕೆ ತವರಿಗೆ ಬಂದಿದ್ದಳು, ನೋವು ಬಂದಾಗ ದೊಡ್ಡ ಆಸ್ಪತ್ರೆ ಇದ್ದದ್ದು ಎಪ್ಪತ್ತು ಮೈಲಿ ಆಚೆ. ಟೆಂಪೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೂಸು ದಾರಿಯಲ್ಲೇ ಹೋಯಿತು. ಗಂಡು ಕೂಸು, ತಲೆ ತುಂಬ ಕೂದಲು. ಡಾಕ್ಟರ್ ವಸುಧಾ ಅವಳನ್ನು ಪರೀಕ್ಷೆ ಮಾಡಿ ನನಗೆ ಬಿಡಿಸಿ ಹೇಳಿದರು. "ಯಜಮಾನ್ರೇ, ಈ ಸಲಾನೂ ತಾನಾಗಿ ಹೆರಿಗೆ ಆಗೋದು ಕಷ್ಟ. ಆಪರೇಷನ್ ಮಾಡ್ಲೇಬೇಕು. ನಾನು ಮಾಡ್ತೀನಿ, ಸಾಮಾನೂ ಇದೆ. ಆದ್ರೆ ಬಯಲಲ್ಲಿ ಹೊಟ್ಟೆ ಕುಯ್ಯಕ್ಕಾಗಲ್ಲ, ನನಗೆ ಒಂದು ರೂಮು ಬೇಕು. ಇಲ್ಲಾಂದ್ರೆ ತಿಂಗಳು ಮುಂಚೆನೇ ಸಿಟಿಗೆ ಕಳಿಸಿಬಿಡಿ." ಬಸುರಿಯ ತಪಾಸಣೆ ರೋಗವಲ್ಲವಲ್ಲ, ಅದರಿಂದ ಎದ್ದದ್ದು ಗೇಣುದ್ದದ ಒಂದು ಕಟ್ಟೆ ಮಾತ್ರ. ಸಿಟಿಯ ಮಾತೆತ್ತಿದರೆ ರೇಣವ್ವ ಕಂಬ ಹಿಡಿದು ನಿಂತುಬಿಡುತ್ತಿದ್ದಳು. "ಸತ್ತರ ಇಲ್ಲೇ ಸಾಯ್ತೀನಿ ಯಪ್ಪಾ, ಆ ರಸ್ತಾ ಮಾತ್ರ ನಾ ಹತ್ತೂದಿಲ್ಲ." ಗಂಡ ಹೇಳಿದ, ನಾನು ಹೇಳಿದೆ, ಬೈದೆ, ಅತ್ತೂ ನೋಡಿದೆ. ಅವಳು ಜಗ್ಗಲಿಲ್ಲ.

ಈಗ ನನ್ನ ಕಳ್ಳತನ ಹೇಳುತ್ತೇನೆ. ನನ್ನ ಎಡಗಾಲಿನ ಎರಡು ಬೆರಳು ಆರು ತಿಂಗಳಿಂದ ಕಪ್ಪಾಗಿದ್ದವು. ಮೊಳೆ ಚುಚ್ಚಿದ್ದೇ ನೆಪ, ಹುಣ್ಣು ಮಾಯಲಿಲ್ಲ. ಸಕ್ಕರೆ ಕಾಯಿಲೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಬಚ್ಚಲಲ್ಲಿ ಕೂತು ಹಾಗಲಕಾಯಿ ರಸ ಕುಡಿಯುತ್ತಿದ್ದೆ. ನಾತ ಬಾರದಿರಲೆಂದು ಹುಣ್ಣಿಗೆ ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಬೇಸಿಗೆಯಲ್ಲೂ ಗಂಬೂಟು ಹಾಕಿಕೊಂಡು ತಿರುಗುತ್ತಿದ್ದೆ. ಕೇಳಿದವರಿಗೆ ಸುಣ್ಣದ ನೀರು ಕಾಲು ತಿನ್ನುತ್ತದೆ ಎನ್ನುತ್ತಿದ್ದೆ. ಕಾಲು ಹೋದ ಗೌಂಡಿಯನ್ನು ಏಣಿ ಹತ್ತಲು ಯಾರು ಕರೆಯುತ್ತಾರೆ? ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಹೌದು, ಹೆದರಿಕೆ, ಸುಳ್ಳೇಕೆ ಹೇಳಲಿ.

ಎಂಟನೇ ತಿಂಗಳು ಹತ್ತಿದ ದಿನ ರೇಣವ್ವ ಕೂಸಿಗೆಂದು ಹಳೆಯ ಸೀರೆ ಹರಿದು ಕುಲಾಯಿ ಹೊಲಿಯುತ್ತಿದ್ದಳು. ಹೊಲಿಯುತ್ತಾ ಹಾಡು ಹೇಳಿಕೊಳ್ಳುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತು. ಎದ್ದವನೇ ಸೀದಾ ಆಸ್ಪತ್ರೆಯ ಬಯಲಿಗೆ ಹೋದೆ. ಸಂತೆಯ ದಿನ, ಊರೆಲ್ಲ ಆ ಕಡೆಯಿಂದಲೇ ಹಾಯುತ್ತಿತ್ತು. ಎಸ್ತರಬಾಯಿಯ ಮುಂದಿನ ಕುರ್ಚಿಯಲ್ಲಿ ಕೂತು ಗಂಬೂಟು ಕಳಚಿದೆ. "ಬರಕೋ ಎಸ್ತರಕ್ಕಾ, ಒಂದನೇ ನಂಬರು. ಗೌಂಡಿ ಫಕೀರಪ್ಪ. ಬೋಣಿ ನಂದು." ಬಟ್ಟೆ ಬಿಚ್ಚಿದಾಗ ಅವಳು ಮುಖ ತಿರುವಲಿಲ್ಲ. "ಅಯ್ಯ ನನ್ನ ಶಿವನ, ಇದನ್ನ ಇಟಗೊಂಡು ನೀ ಏಣಿ ಹತ್ತತಿದ್ದಿ?" ಎಂದು ನನ್ನ ಕಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಆ ಹೆಂಗಸು ಕ್ರಿಸ್ತನ ಭಕ್ತೆ, ಆದರೆ ಗಾಬರಿಯಾದಾಗ ಶಿವನನ್ನೇ ಕರೆಯುವುದು.

ಹುಣ್ಣು ತೊಳೆಯಲು ಶುರು ಮಾಡಿದ್ದಷ್ಟೇ. ನೆಲ ಗುಡುಗುಟ್ಟಿತು. ಕಲ್ಲಿನ ಎರಡೂ ಬದಿಯಿಂದ ಗೋಡೆ ಹೊರಟಿತು, ಒಂದೂವರೆ ಇಟ್ಟಿಗೆ ದಪ್ಪದ ಗಟ್ಟಿ ಗೋಡೆ, ಸಂದು ಒಂದಕ್ಕೊಂದು ಸರಿಯಾಗಿ ಕೂತದ್ದು. ನನ್ನ ಜನ್ಮದಲ್ಲಿ ನಾನು ಅಂಥ ಗೋಡೆ ಕಟ್ಟಿಲ್ಲ, ಕಟ್ಟಲಾರೆ. ಸಂತೆಗೆ ಹೊರಟವರು ಚೀಲ ಕೆಳಗಿಟ್ಟು ನಿಂತರು. ಗೋಡೆ ನನ್ನ ಹೆಗಲೆತ್ತರಕ್ಕೆ ಬಂದಾಗ ಪೈಲ್ವಾನ ಮುದಕಪ್ಪ ಗುಂಪಿನಿಂದ ಮುಂದೆ ಬಂದ. ಅವನ ಮುಖ ಸಣ್ಣಗಾಗಿತ್ತು. "ಬಾಯಾರ, ನಂದೂ ಬರೀರಿ. ಈ ಸಲ ಖರೇ ಹೇಳ್ತೀನಿ. ಮೂರು ತಿಂಗಳಾತು, ಮೂತ್ರದಾಗ ರಕ್ತ ಹೊಂಟೈತಿ."

ಆಮೇಲೆ ತಡೆಯುವವರೇ ಇಲ್ಲ. ಹಳ್ಯಾಳ ಮಾಸ್ತರರ ಎಡಗಣ್ಣು ಎರಡು ವರ್ಷದಿಂದ ಕಾಣುತ್ತಿರಲಿಲ್ಲವಂತೆ, ಬಲಗಣ್ಣೂ ಮಂಜಾಗಿತ್ತಂತೆ, ಪಾಠವನ್ನೆಲ್ಲ ಬಾಯಿಪಾಠದಲ್ಲೇ ಮಾಡುತ್ತಿದ್ದರಂತೆ. ಗಿರಣಿಯ ಹೆಂಗಸೊಬ್ಬಳು ಡಾಕ್ಟರ ಕಿವಿಯಲ್ಲಿ ಏನೋ ಹೇಳಿ ಅವರ ಭುಜದ ಮೇಲೆ ತಲೆಯಿಟ್ಟು ಅತ್ತಳು. ಸೊಸೆ ಅತ್ತೆಯನ್ನು ಕರೆತಂದಳು, ಅತ್ತೆ ಸೊಸೆಯದನ್ನು ಹೇಳಿಬಿಟ್ಟಳು. ಇಷ್ಟು ನೋವನ್ನು ಇಟ್ಟುಕೊಂಡು ನಾವೆಲ್ಲ ದಿನಾ ಒಬ್ಬರಿಗೊಬ್ಬರು ಆರಾಮ ಎಂದು ಹೇಳಿಕೊಳ್ಳುತ್ತಿದ್ದೆವಲ್ಲ ಎಂದು ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಒಬ್ಬೊಬ್ಬರು ಬಾಯಿಬಿಟ್ಟಂತೆ ಒಂದೊಂದು ಕೋಣೆ ಎದ್ದಿತು. ಕಣ್ಣಿನದು, ಹಲ್ಲಿನದು, ಎಲುಬಿನದು. ಎಕ್ಸರೆ ಯಂತ್ರ ಪೆಟ್ಟಿಗೆಯಿಂದ ಹೊರಬಂತು. ನಾನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಂಟುತ್ತಲೇ ಚೌಕಟ್ಟು ಹಿಡಿದೆ. ಒಂದೇ ವಾರದಲ್ಲಿ ಅರವತ್ತೆರಡು ಬಾಗಿಲು! ಎರಡನೇ ಅಂತಸ್ತು ಎದ್ದ ದಿನ ಜನ ಚಪ್ಪಲಿ ಬಿಟ್ಟು ಒಳಗೆ ಹೋದರು.

ಆದರೆ ನಡುಮಧ್ಯದಲ್ಲಿ ಒಂದು ಚೌಕ ಜಾಗ ಖಾಲಿಯೇ ಉಳಿಯಿತು. ಅದು ಆಪರೇಷನ್ ಕೋಣೆಯ ಜಾಗ. ಆಪರೇಷನ್ ನಡೆಯದೆ ಅದು ಏಳುವುದಿಲ್ಲ. ಹೊಟ್ಟೆ ಕುಯ್ಯಲು ಬೇರೆ ಕೋಣೆಗಳ ಬೆಳಕೂ ಚೊಕ್ಕಟವೂ ಸಾಲದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಡಾಕ್ಟರ್ ವಸುಧಾ ನನ್ನ ಕಾಲು ನೋಡಿ ಹೇಳಿದರು: "ಈ ಎರಡು ಬೆರಳು ತೆಗೀಲೇಬೇಕು ಯಜಮಾನ್ರೇ. ಬೆರಳಾದ್ರೆ ತಾಡಪತ್ರಿ ಕೆಳಗೂ ತೆಗೀಬಹುದು. ತಡ ಮಾಡಿದ್ರೆ ಪಾದಾನೇ ಹೋಗುತ್ತೆ." ಬೋಣಿ ಮಾಡಿದ ಧೈರ್ಯ ಅಲ್ಲಿಗೆ ಮುಗಿದಿತ್ತು. ಸೋಮವಾರ ಬರುತ್ತೇನೆ ಎಂದೆ. ಸೋಮವಾರ ಕಿಟಕಿ ಕೂರಿಸುವುದಿದೆ ಎಂದೆ. ಮುಂದಿನ ಸೋಮವಾರ ಅಮಾವಾಸ್ಯೆ ಎಂದೆ. ಡಾಕ್ಟರು ಬಂದರೆ ಹಿಂಬಾಗಿಲಿನಿಂದ ಜಾರುತ್ತಿದ್ದೆ, ಆ ಹಿಂಬಾಗಿಲೂ ನಾನೇ ಕೂರಿಸಿದ್ದು. ಮಗಳಿಗೆ ಇನ್ನೂ ದಿನ ಇದೆ, ಬೇರೆ ಯಾರಾದರೂ ಕುಯ್ಯಿಸಿಕೊಂಡಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಊರಿನವರೂ ಇನ್ನೊಬ್ಬರ ದಾರಿ ಕಾಯುತ್ತಿದ್ದರು.

ಇನ್ನೂ ಮೂರು ವಾರ ಇದೆ ಎನ್ನುವಾಗ, ಒಂದು ಬೆಳಿಗ್ಗೆ ರೇಣವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಯಪ್ಪಾ, ಕೂಸು ನಿನ್ನಿಯಿಂದ ಅಷ್ಟು ಹೊಳ್ಳಾಡವಲ್ದು" ಎಂದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಹಿಂದಿನ ಸಲವೂ ಅವಳು ಹೀಗೇ ಮೆಲ್ಲಗೆ ಹೇಳಿದ್ದಳು. ಮಹಾದೇವ ಅವಳನ್ನು ಎತ್ತಿಕೊಂಡು ಓಡಿದ, ಹಿಂದೆ ನಾನು. ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟು ಆಲಿಸಿದರು. ಎದ್ದು ಬಂದು ನನಗೆ ಮಾತ್ರ ಕೇಳಿಸುವಂತೆ ಹೇಳಿದರು: "ಎದೆಬಡಿತ ಇಳೀತಾ ಇದೆ. ಈಗ್ಲೇ ತೆಗೀಬೇಕು. ಗಾಡಿ ರೆಡಿ ಇದೆ, ಆದ್ರೆ ಸಿಟಿಗೆ ಮೂರು ಗಂಟೆ ದಾರಿ. ಮಗು ಅಷ್ಟು ಹೊತ್ತು ತಡೆಯುತ್ತೆ ಅಂತ ನಾನು ಹೇಳಲ್ಲ."

"ನನ್ನ ಬಳ್ಳಿಗೆ ಎಷ್ಟು ಹೊತ್ತು ಬೇಕ್ರಿ?" ಎಂದೆ.

ಡಾಕ್ಟರಿಗೆ ತಕ್ಷಣ ಅರ್ಥವಾಗಲಿಲ್ಲ. "ಏನು?"

"ನನ್ನ ಕಾಲಬಳ್ಳು ತೆಗ್ಯಾಕ. ಎಷ್ಟು ಹೊತ್ತು?"

"ಅರ್ಧ ಗಂಟೆ."

"ಹಂಗಾರ ನಡೀರಿ, ನಿಂತಗೊಂಡು ಏನ್ ನೋಡ್ತೀರಿ!" ಎಂದು ಕೂಗಿದೆ. ಡಾಕ್ಟರಿಗೆ ಗದರಿದ್ದು ತಪ್ಪು, ಆದರೆ ಆಗ ತಪ್ಪು ಒಪ್ಪು ಯಾರಿಗೆ ಬೇಕಿತ್ತು. ಖಾಲಿ ಚೌಕದ ನಡುವೆ ಮೇಜು ಹಾಕಿ ತಾಡಪತ್ರಿ ಎಳೆದರು. ಸೂಜಿ ಚುಚ್ಚಿ ಕಾಲನ್ನಷ್ಟೇ ಮರಗಟ್ಟಿಸಿದರು. ತಲೆ ಹಿಡಿದುಕೊಂಡವನು ಪೈಲ್ವಾನ ಮುದಕಪ್ಪ, ಅವನೇ ಕಣ್ಣು ಮುಚ್ಚಿಕೊಂಡಿದ್ದ. ಕತ್ತರಿ ಪಾತ್ರೆಗೆ ತಾಗಿದ ಸದ್ದು ಕೇಳಿಸಿತು. ಮರುಗಳಿಗೆಯಲ್ಲೇ ನೆಲದಿಂದ ಗೋಡೆ ಬಂತು.

ಆ ಗೋಡೆಯನ್ನು ಹೇಗೆ ಹೇಳಲಿ? ಬಿಳಿ ಟೈಲ್ಸು, ಒಂದರ ಪಕ್ಕ ಒಂದು, ಸಂದಿನಲ್ಲಿ ಉಗುರು ತೂರದ ಹಾಗೆ, ನಾಲ್ಕೂ ಕಡೆಯಿಂದ ಒಮ್ಮೆಲೇ. ಧೂಳಿಲ್ಲ, ಸದ್ದಿಲ್ಲ. ಮೂಲೆಗಳು ಕೂಡಿದಾಗ ಕೋನ ಒಂದು ಕೂದಲಿನಷ್ಟೂ ಆಚೀಚೆ ಇರಲಿಲ್ಲ. ಮೇಲಿನ ತಾಡಪತ್ರಿ ಸರಿದು ಮಾಡು ಕೂಡಿಕೊಳ್ಳತೊಡಗಿತು, ಅದರೊಳಗಿಂದ ದೊಡ್ಡ ದೀಪವೊಂದು ಕೆಳಗಿಳಿದು ಹತ್ತಿಕೊಂಡಿತು. ಸಾವಿರ ಗೋಡೆ ಕಟ್ಟಿದ ನಾನು ಮಲಗಿದಲ್ಲೇ ಕೈ ಮುಗಿದೆ. ಯಾರಿಗೆ ಎಂದು ಕೇಳಬೇಡಿ. ಆಮೇಲೆ ನೆನಪಾಯಿತು. ಬಾಗಿಲು! ಗೋಡೆ ಸೊಂಟದೆತ್ತರ ದಾಟಿದೆ, ಚೌಕಟ್ಟು ಹಿಡಿಯಬೇಕಾದವನು ಮೇಜಿನ ಮೇಲೆ ಬಿದ್ದಿದ್ದಾನೆ. ರೇಣವ್ವ ಹೊರಗೆ ಇದ್ದಾಳೆ.

"ಚೌಕಟ್ಟು! ಚೌಕಟ್ಟು ಹಿಡೀರೋ! ಮಾದೇವಾ, ಎಲ್ಲಿ ಸತ್ಯೋ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಡಾಕ್ಟರು "ಅಲ್ಲಾಡಬೇಡಿ!" ಎಂದು ಅದಕ್ಕಿಂತ ಜೋರಾಗಿ ಕಿರುಚಿದರು. ಹೊರಗಿನಿಂದ ಮಹಾದೇವ ಚೌಕಟ್ಟು ಹೊತ್ತು ಬಂದ. ನೂಲು ಹಿಡಿದು ಗೊತ್ತಿದ್ದ ಹುಡುಗ, ಚೌಕಟ್ಟಿನ ಮೇಲು ಕೆಳಗು ಅವನಿಗೇನು ಗೊತ್ತು? "ಅಗಲಾಂದು ತಾ, ಸ್ಟ್ರೆಚರ್ ಹೋಗುವಂಥಾದ್ದು! ಎಡಕ್ಕ! ಇನ್ನೊಂದೀಟು ಎಡಕ್ಕ! ಹಾಂ, ಎದಿ ಕೊಟ್ಟು ನಿಲ್ಲು!" ಮುದಕಪ್ಪ ನನ್ನ ತಲೆ ಬಿಟ್ಟು ಓಡಿಹೋಗಿ ಇನ್ನೊಂದು ಬದಿಗೆ ಹೆಗಲು ಕೊಟ್ಟ. ಗೋಡೆ ಚೌಕಟ್ಟನ್ನು ಬಳಸಿಕೊಂಡು ಮೇಲೇರಿ ಮಾಡಿಗೆ ಮುಟ್ಟಿತು. ಆಗ ಡಾಕ್ಟರು ಕೊನೆಯ ಹೊಲಿಗೆ ಹಾಕುತ್ತಿದ್ದರು.

ನನ್ನನ್ನು ಹೊರಗೆ ತಳ್ಳಿಕೊಂಡು ಬರುವಾಗ ರೇಣವ್ವನನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲಲ್ಲಿ ಇಬ್ಬರ ಗಾಡಿಯೂ ಒಂದು ಗಳಿಗೆ ಪಕ್ಕಪಕ್ಕ ನಿಂತವು. ಅವಳ ಕಣ್ಣು ಮುಚ್ಚಿತ್ತು, ತುಟಿ ಬಿಳಿಚಿತ್ತು. ಎಸ್ತರಬಾಯಿ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು. ಮಹಾದೇವ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಕಾರಿಡಾರಿನ ಉದ್ದಕ್ಕೂ ಊರು ನಿಂತಿತ್ತು. ಕಾಲಿನ ಮಂಪರು ಇಳಿದು ನೋವು ಏರತೊಡಗಿತು. ಏರಲಿ ಎಂದೆ. ಗೋಡೆಗೆ ಕಿವಿ ಹಚ್ಚಿ ಕೂತೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಳಗಿನಿಂದ ಒಂದು ಸಣ್ಣ ಸದ್ದು, ಬೆಕ್ಕಿನ ಮರಿ ಕೂಗಿದ ಹಾಗೆ. ಮತ್ತೆ ಏನೂ ಇಲ್ಲ. ಕಿವಿಯನ್ನು ಗೋಡೆಗೆ ಇನ್ನೂ ಒತ್ತಿದೆ. ಆಮೇಲೆ ಕೇಳಿಸಿತು ನೋಡಿ, ಸಿಟ್ಟು ಬಂದ ಅಳು, ಕಿವಿಗಡಚಿಕ್ಕುವ ಅಳು! ಮಹಾದೇವ ನನ್ನನ್ನು ಅಪ್ಪಿಕೊಂಡು ಹುಣ್ಣಿನ ಕಾಲನ್ನೇ ತುಳಿದ, ಇಬ್ಬರೂ ಒಟ್ಟಿಗೆ ಬೊಬ್ಬೆ ಹೊಡೆದೆವು. ಆ ಅಳು ನಿಲ್ಲುವ ಮೊದಲೇ ಕಾರಿಡಾರಿನ ಕೊನೆಯಲ್ಲಿ ನೆಲ ಬಿರಿದು ಇನ್ನೊಂದು ಸಣ್ಣ ಕೋಣೆ ಏಳತೊಡಗಿತು. ಚೌಕಟ್ಟು ತರಲು ಈ ಸಲ ಊರೇ ಓಡಿತು.

ರೇಣವ್ವನನ್ನು ಹೊರಗೆ ತಂದಾಗ ಅವಳಿಗೆ ಇನ್ನೂ ಪೂರ್ತಿ ಎಚ್ಚರವಿರಲಿಲ್ಲ. ಗಾಡಿಯ ಚಕ್ರಗಳು ಸದ್ದು ಮಾಡುತ್ತಿದ್ದವು. ಅವಳು ಅರೆಗಣ್ಣು ತೆರೆದು ನನ್ನನ್ನು ಹುಡುಕಿದಳು. ನಾನು ಒಂಟಿಕಾಲಲ್ಲಿ ನಿಂತು ಅವಳ ಕೈ ಹಿಡಿದೆ.

"ಯಪ್ಪಾ," ಎಂದಳು, "ಎಷ್ಟು ದೂರ ಬಂದ್ವಿ?"

"ಎಲ್ಲೂ ಹೋಗಿಲ್ಲವ್ವಾ. ಊರಾಗೇ ಅದೀವಿ" ಎಂದೆ.

ಅವಳು ನಂಬಲಿಲ್ಲ. ಎಸ್ತರಬಾಯಿ ಕೂಸನ್ನು ತಂದು ಅವಳ ಕೆನ್ನೆಗೆ ತಾಗಿಸಿ ಹಿಡಿದಳು.